ಮೂರ್ಛೆ ಎರಡು ನಿಮಿಷ, ಗುಟ್ಟು ಬದುಕಿಡೀ?

ಮದುವೆಮನೆಯಲ್ಲೋ, ಬಸ್ ಸ್ಟ್ಯಾಂಡಿನಲ್ಲೋ, ಶಾಲೆಯ ಅಂಗಳದಲ್ಲೋ ಯಾರಾದರೂ ಫಿಟ್ಸ್ ಬಂದು ಬಿದ್ದದ್ದನ್ನು ನೀವು ಒಮ್ಮೆಯಾದರೂ ನೋಡಿರುತ್ತೀರಿ. ಕಣ್ಣು ಮೇಲಾಗಿ, ಹಲ್ಲು ಕಚ್ಚಿ, ಕೈಕಾಲು ಅದುರಿ, ಬಾಯಲ್ಲಿ ನೊರೆ ಬಂದುಬಿಡುತ್ತದೆ. ಸುತ್ತ ಜನ ನೆರೆಯುತ್ತಾರೆ. “ಬೀಗದ ಕೈ ಕೊಡ್ರೇ ಯಾರಾದ್ರೂ!” ಅಂತ ಒಬ್ಬರು. “ಈರುಳ್ಳಿ ಜಜ್ಜಿ ಮೂಗಿಗೆ ಹಿಡೀರಿ” ಅಂತ ಇನ್ನೊಬ್ಬರು. ಮತ್ತೊಬ್ಬರು ಚಪ್ಪಲಿ ಕಳಚುತ್ತಿರುತ್ತಾರೆ. ಅಷ್ಟರಲ್ಲಿ ಅದುರುವುದು ನಿಲ್ಲುತ್ತದೆ. “ನೋಡಿದ್ರಾ, ಕಬ್ಬಿಣ ಕೊಟ್ಟ ತಕ್ಷಣ ನಿಂತೇ ಹೋಯ್ತು” ಎಂದು ಬೀಗದ ಕೈಯವರಿಗೆ ಹೆಮ್ಮೆ. ಏನೂ ಕೊಡದಿದ್ದರೂ ಅದು ಅಷ್ಟೇ ಹೊತ್ತಿಗೆ ನಿಲ್ಲುತ್ತಿತ್ತು ಎನ್ನುವುದು ಯಾರಿಗೂ ಹೊಳೆಯುವುದಿಲ್ಲ.

ಜನ ಚದುರಿದ ಮೇಲೆ ಇನ್ನೊಂದು ಮಾತು ಬರುತ್ತದೆ. ಇದು ತಾಯಿಯದು, ಪಿಸುದನಿಯಲ್ಲಿ. “ಯಾರಿಗೂ ಹೇಳ್ಬೇಡಿ ಕಣ್ರೀ, ನಾಳೆ ಮದುವೆ ಆಗ್ಬೇಕಾದ ಹುಡುಗಿ.”

ಓದುಗ ಸೋದರಿಯರೇ, ಇವತ್ತಿನ ಲೇಖನ ಈ ಪಿಸುಮಾತಿನ ಬಗ್ಗೆ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷಕ್ಕೆ ಮುಗಿದುಹೋಗುತ್ತವೆ. ಅದನ್ನು ಮುಚ್ಚಿಡುವ ಕೆಲಸ ಮಾತ್ರ ವರ್ಷಗಟ್ಟಲೆ ನಡೆಯುತ್ತದೆ. ಮಾತ್ರೆ ತಪ್ಪುವುದು, ಡಾಕ್ಟರ ಹತ್ತಿರ ಹೋಗದೇ ಇರುವುದು, ಗಂಡನ ಮನೆಯಲ್ಲಿ ಹೆದರಿ ಬಾಳುವುದು ಇವೆಲ್ಲ ಆ ಗುಟ್ಟಿನ ಮಕ್ಕಳೇ.

ಮೆದುಳಿನಲ್ಲಿ ಆಗುವುದೇನು?

ನಮ್ಮ ಮೆದುಳಿನ ಕೋಟಿಗಟ್ಟಲೆ ಜೀವಕೋಶಗಳು ತೀರಾ ಸಣ್ಣ ವಿದ್ಯುತ್ ಸಂಕೇತಗಳಿಂದ ಮಾತಾಡಿಕೊಳ್ಳುತ್ತವೆ. ಯಾವಾಗಲಾದರೂ ಒಂದಷ್ಟು ಕೋಶಗಳು ಲಗಾಮು ತಪ್ಪಿ ಒಟ್ಟಿಗೇ ಹೊಡೆದುಕೊಂಡರೆ ಅದೇ ಫಿಟ್ಸ್. ಹೀಗೆ ಕಾರಣವಿಲ್ಲದೆ ಮತ್ತೆ ಮತ್ತೆ ಬರುತ್ತಿದ್ದರೆ ಅದು ಮೂರ್ಛೆ ರೋಗ. ಹಿರಿಯರು ಇದನ್ನೇ ಮಲರೋಗ ಎನ್ನುತ್ತಿದ್ದರು. ಸಂಸ್ಕೃತದಲ್ಲಿ ಅಪಸ್ಮಾರ, ಅಂದರೆ ನೆನಪು ತಪ್ಪುವುದು. ಚರಕ ಸಂಹಿತೆ ಇದನ್ನು ಒಂದು ಕಾಯಿಲೆ ಎಂದೇ ಎಣಿಸಿ ಚಿಕಿತ್ಸೆ ಹೇಳಿದೆ. ಅಂದಮೇಲೆ ಅಷ್ಟು ಹಿಂದೆಯೇ ಕಾಯಿಲೆ ಎಂದು ಗೊತ್ತಿದ್ದದ್ದನ್ನು ನಾವು ಈಗ ಗಾಳಿ, ಗ್ರಹ, ಶಾಪ ಎನ್ನುವುದು ಎಷ್ಟು ಸರಿ?

ಇದು ಅಪರೂಪವೂ ಅಲ್ಲ. ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆ ರೋಗವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಸರಿಯಾಗಿ ಔಷಧ ಸಿಕ್ಕರೆ ಇವರಲ್ಲಿ 100ಕ್ಕೆ 70 ಜನ ಫಿಟ್ಸ್ ಇಲ್ಲದೆ ಬಾಳಬಹುದು ಎಂದೂ ಅದೇ ಸಂಸ್ಥೆ ಹೇಳುತ್ತದೆ. ಇದು ಮುಟ್ಟಿದರೆ ಅಂಟುವುದಿಲ್ಲ, ಎಂಜಲಿನಿಂದ ಬರುವುದಿಲ್ಲ. ನೊರೆಯನ್ನು ಒರೆಸಿದವರಿಗೆ ಏನೂ ಆಗುವುದಿಲ್ಲ.

ಕಾರಣಗಳು ಹಲವು. ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಉಸಿರು ಕಟ್ಟಿದ್ದಿರಬಹುದು, ತಲೆಗೆ ಪೆಟ್ಟು ಬಿದ್ದಿರಬಹುದು, ಮೆದುಳು ಜ್ವರ ಬಂದಿರಬಹುದು. ಕೆಲವರಿಗೆ ವಂಶದಿಂದ ಬರುತ್ತದೆ. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ನಮ್ಮ ದೇಶದಲ್ಲಿ ಇನ್ನೊಂದು ಕಾರಣ ಅಡಿಗೆಮನೆಗೇ ಸಂಬಂಧಪಟ್ಟದ್ದು, ಲಾಡಿಹುಳುವಿನ ಮೊಟ್ಟೆ. ಹೊಲಸು ನೀರು ಸೋಕಿದ ಸೊಪ್ಪು, ಗಜ್ಜರಿ, ಮೂಲಂಗಿಯನ್ನು ಸರಿಯಾಗಿ ತೊಳೆಯದೆ ಹಸಿಯಾಗಿ ತಿಂದರೆ, ಕಕ್ಕಸಿಗೆ ಹೋಗಿ ಬಂದ ಕೈಯನ್ನು ಸೋಪು ಹಾಕಿ ತೊಳೆಯದಿದ್ದರೆ, ಈ ಮೊಟ್ಟೆ ಹೊಟ್ಟೆ ಸೇರಿ, ಮರಿ ರಕ್ತದಲ್ಲಿ ಮೆದುಳಿಗೆ ಹೋಗಿ ಕೂರುತ್ತದೆ. “ನಾವು ಶುದ್ಧ ಸಸ್ಯಾಹಾರಿಗಳು, ನಮಗೆಲ್ಲಿಂದ?” ಎನ್ನಬೇಡಿ. ಕೋಸಂಬರಿಗೆ ತುರಿದ ಗಜ್ಜರಿ ಯಾವ ನೀರಿನಲ್ಲಿ ಬೆಳೆದದ್ದೋ ಯಾರಿಗೆ ಗೊತ್ತು?

ಬಿದ್ದು ಒದ್ದಾಡುವುದೊಂದೇ ಫಿಟ್ಸ್ ಅಲ್ಲ

ತಾಯಂದಿರು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮಗು ಪಾಠದ ನಡುವೆ ಹತ್ತು ಸೆಕೆಂಡು ಹಾಗೇ ಶೂನ್ಯ ನೋಡುತ್ತದೆ. ಕೂಗಿದರೂ ಓಗೊಡುವುದಿಲ್ಲ. ಆಮೇಲೆ ಏನೂ ಆಗದವರ ಹಾಗೆ ಬರೆಯಲು ತೊಡಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾಗಬಹುದು. ಟೀಚರ್ “ಗಮನ ಇಲ್ಲ, ಹಗಲುಗನಸು” ಎಂದು ಬೈಯುತ್ತಾರೆ. ಅದೂ ಒಂದು ಬಗೆಯ ಫಿಟ್ಸ್ ಇರಬಹುದು.

ಹದಿನೈದು ಹದಿನಾರರ ಹುಡುಗಿ ಬೆಳಿಗ್ಗೆ ಎದ್ದ ಕೂಡಲೇ ಕೈಯಲ್ಲಿದ್ದ ಕಾಫಿ ಲೋಟ ಹಾರಿಬೀಳುತ್ತದೆ, ಬಾಚಣಿಗೆ ಜಾರುತ್ತದೆ. “ಕೈಯಲ್ಲಿ ಏನೂ ನಿಲ್ಲಲ್ಲ ಇವಳಿಗೆ, ಅತ್ತೆ ಮನೇಲಿ ಹೇಗೆ ಬಾಳ್ತಾಳೋ” ಅಂತ ಅಜ್ಜಿ ಗೊಣಗುತ್ತಾರೆ. ಪರೀಕ್ಷೆಗೆ ರಾತ್ರಿ ನಿದ್ದೆಗೆಟ್ಟು ಓದಿದ ಮರುದಿನ ಇದು ಹೆಚ್ಚು. ಹರೆಯದಲ್ಲಿ ಶುರುವಾಗುವ ಒಂದು ಮೂರ್ಛೆ ರೋಗದ ಗುರುತೇ ಇದು. ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ, ಆದರೆ ಯಾರಾದರೂ ಗುರುತಿಸಬೇಕಲ್ಲ!

ಇನ್ನು ಕೆಲವರಿಗೆ ಇದ್ದಕ್ಕಿದ್ದಂತೆ ಇಲ್ಲದ ವಾಸನೆ ಬರುತ್ತದೆ, ಹೊಟ್ಟೆಯಿಂದ ಏನೋ ಮೇಲೆದ್ದ ಹಾಗಾಗುತ್ತದೆ. ಸೆರಗು ಹಿಸುಕುತ್ತಾ, ತುಟಿ ಚಪ್ಪರಿಸುತ್ತಾ ಒಂದೆರಡು ನಿಮಿಷ ಎಲ್ಲೋ ಇರುತ್ತಾರೆ. “ಮೈಮೇಲೆ ಬಂತು” ಎಂದು ಕೈಮುಗಿಯುವವರೂ ಉಂಟು, “ನಾಟಕ” ಎಂದು ಗದರುವವರೂ ಉಂಟು. ಇಂಥದ್ದನ್ನು ನೋಡಿದರೆ ನಿಮ್ಮ ಮೊಬೈಲ್ ಫೋನಿನಲ್ಲಿ ಚಿತ್ರ ಹಿಡಿದುಕೊಳ್ಳಿ. ಇ.ಇ.ಜಿ., ಸ್ಕ್ಯಾನು ಎಲ್ಲದಕ್ಕಿಂತ ಮೊದಲು ಡಾಕ್ಟರು ಕೇಳುವುದು “ನೋಡಿದವರು ಯಾರು, ಏನೇನಾಯ್ತು?” ಎಂದೇ. ಆಗ ನೀವು ತೋರಿಸುವ ಅರ್ಧ ನಿಮಿಷದ ವಿಡಿಯೋಗೆ ಬಹಳ ಬೆಲೆ.

ಬಿಸಿನೀರಿನ ಫಿಟ್ಸ್: ನಮ್ಮ ಬಚ್ಚಲಿನ ಕಾಯಿಲೆ

ಇದನ್ನು ನಮ್ಮವರಿಗೆ ಹೇಳದೆ ಇನ್ಯಾರಿಗೆ ಹೇಳುವುದು? ಪ್ರಪಂಚದಲ್ಲಿ ಬೇರೆ ಕಡೆ ತೀರಾ ಅಪರೂಪವಾದ ಒಂದು ಬಗೆಯ ಫಿಟ್ಸ್ ಹಳೇ ಮೈಸೂರಿನ ಸೀಮೆಯಲ್ಲಿ ಬೇಕಾದಷ್ಟಿದೆ. ಬೆಂಗಳೂರಿನ ಹೆಸರಾಂತ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1960ರ ದಶಕದ ಕೊನೆಯಿಂದ ಇದರ ಬಗ್ಗೆ ಬರೆದರು. ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಜೊತೆಯವರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ವೈದ್ಯರು ಇದನ್ನು ಹಾಟ್ ವಾಟರ್ ಎಪಿಲೆಪ್ಸಿ ಎನ್ನುತ್ತಾರೆ.

ನಮ್ಮ ತಲೆಸ್ನಾನ ಹೇಗೆಂದು ನಿಮಗೆ ಗೊತ್ತೇ ಇದೆ. ಹಂಡೆಯಲ್ಲಿ ಕುದಿಯುವ ನೀರು, ಬಕೆಟ್ಟಿನಲ್ಲಿ ಒಂದಿಷ್ಟು ಬೆರಕೆ, ಚೊಂಬಿನಿಂದ ಎತ್ತಿ ಎತ್ತಿ ಒಂದೇ ಸಮನೆ ನೆತ್ತಿಗೆ. ನೀರಿನ ಬಿಸಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕೆಲವು ಮಕ್ಕಳಿಗೆ, ದೊಡ್ಡವರಿಗೂ, ಹೀಗೆ ತಲೆಗೆ ಬಿಸಿನೀರು ಬೀಳುತ್ತಿದ್ದಂತೆ ಕಣ್ಣು ಮಂಕಾಗಿ, ಏನೇನೋ ತೊದಲಿ, ಕೈ ತಾನಾಗಿ ಚೊಂಬು ಎತ್ತುತ್ತಲೇ ಇರುತ್ತದೆ. ಕೆಲವರಿಗೆ ಅದರಲ್ಲೇ ಏನೋ ಒಂದು ಹಿತ. ಬೇಕೆಂದೇ ಇನ್ನೂ ಇನ್ನೂ ಹುಯ್ದುಕೊಳ್ಳುತ್ತಾರೆ. ಹೊರಗೆ ಅಮ್ಮ “ಇನ್ನೂ ಎಷ್ಟೊತ್ತೋ ಸ್ನಾನ, ನೀರೆಲ್ಲಾ ಖಾಲಿ ಮಾಡ್ದೆ” ಎಂದು ಕೂಗುತ್ತಿರುತ್ತಾರೆ. ಒಳಗೆ ಮಗನಿಗೆ ಎಚ್ಚರ ತಪ್ಪಿರುತ್ತದೆ! ಗಂಡಸರಲ್ಲಿ ಇದು ಹೆಚ್ಚು. ಒಂದೇ ಕುಟುಂಬದಲ್ಲಿ ಇಬ್ಬರು ಮೂವರಿಗೆ ಇರುವುದೂ ಉಂಟು.

ಎಷ್ಟೋ ಮನೆಗಳಲ್ಲಿ ಇದನ್ನು ಬಚ್ಚಲ ಮೂಲೆಯ ಪೀಡೆ ಎಂದುಕೊಂಡು ತಾಯಿತ ಕಟ್ಟಿಸಿದ್ದಾರೆ. ಪರಿಹಾರವೋ ಬಹಳ ಸರಳ. ನೀರಿನ ಬಿಸಿ ಇಳಿಸಿ, ಮೈಬಿಸಿಗಿಂತ ಹೆಚ್ಚು ಬೇಡ. ನೆತ್ತಿಗೆ ಸುರಿಯುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲವೇ ತಲೆಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ. ಎಣ್ಣೆ ನೀರಿನ ದಿನ ಬಾಗಿಲಿಗೆ ಚಿಲಕ ಹಾಕಿಕೊಳ್ಳಲು ಬಿಡಬೇಡಿ. ಇಷ್ಟಕ್ಕೂ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ನುಂಗುವ ಕ್ಲೋಬಜಾಮ್ ಎಂಬ ಮಾತ್ರೆಯಿದೆ. ಎಷ್ಟು, ಯಾರಿಗೆ ಎನ್ನುವುದನ್ನು ಡಾಕ್ಟರೇ ಹೇಳಬೇಕು. ಕೆಲವರಿಗೆ ಕ್ರಮೇಣ ಸ್ನಾನವಿಲ್ಲದಾಗಲೂ ಫಿಟ್ಸ್ ಬರತೊಡಗುತ್ತದೆ, ಅಂಥವರಿಗೆ ದಿನವೂ ಮಾತ್ರೆ ಬೇಕು.

ಮಾತ್ರೆ ಬಿಡುವುದು ಯಾಕೆ?

ಮೂರ್ಛೆ ರೋಗಕ್ಕೆ ಮಾತ್ರೆ ಹೊಸದೇನಲ್ಲ. ಫಿನೋಬಾರ್ಬಿಟೋನ್ 1912ರಿಂದ ಬಳಕೆಯಲ್ಲಿದೆ, ಫೆನಿಟಾಯಿನ್ 1938ರಿಂದ. ಕಾರ್ಬಮಜೆಪಿನ್, ವಾಲ್ಪ್ರೊಯೇಟ್, ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಾಮ್ ಮುಂತಾದವು ಆಮೇಲೆ ಬಂದವು. ಡಾ. ಮಣಿ ಮತ್ತು ಸಂಗಡಿಗರು ಚಾಮರಾಜನಗರ ಜಿಲ್ಲೆಯ ಯಳಂದೂರಿನ ಸುತ್ತಿನ ಹಳ್ಳಿಗಳಲ್ಲಿ ಹಳೆಯ, ಅಗ್ಗದ ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್ ಮಾತ್ರೆಗಳನ್ನೇ ಕೊಟ್ಟು ನೋಡಿದರು. ಹಳ್ಳಿಯಲ್ಲೇ, ಕಡಿಮೆ ಖರ್ಚಿನಲ್ಲೇ ಫಿಟ್ಸ್ ಹತೋಟಿಗೆ ತರಬಹುದೆಂದು ಅವರು ತೋರಿಸಿದ್ದು 2001ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಅಂದರೆ ಔಷಧವೂ ಇದೆ, ಬೆಲೆಯೂ ಕೈಗೆ ಎಟಕುತ್ತದೆ. ಆದರೂ ಹುಡುಗಿಯರು ಮಾತ್ರೆ ಬಿಡುತ್ತಾರೆ. ಯಾಕೆ?

ಒಂದು, ಫಿಟ್ಸ್ ನಿಂತಿತಲ್ಲ, ಇನ್ಯಾಕೆ ಎಂಬ ಭಾವನೆ. ಫಿಟ್ಸ್ ನಿಂತಿರುವುದೇ ಮಾತ್ರೆಯಿಂದ. ಸಾಮಾನ್ಯವಾಗಿ ಎರಡು ಮೂರು ವರ್ಷ ಒಂದೂ ಫಿಟ್ಸ್ ಬಾರದಿದ್ದರೆ ಡಾಕ್ಟರು ನೋಡಿ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಕೆಲವರಿಗೆ ಬಹುಕಾಲ ಬೇಕಾಗುತ್ತದೆ. ಒಮ್ಮೆಗೇ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಬರಬಹುದು.

ಎರಡು, ಹುಡುಗಿಯರು ಬಾಯಿಬಿಟ್ಟು ಹೇಳದ ಕಾರಣ. ಫೆನಿಟಾಯಿನ್‌ನಿಂದ ಕೆಲವರಿಗೆ ವಸಡು ಬೆಳೆಯುತ್ತದೆ, ಮುಖದ ಮೇಲೆ ಕೂದಲು ಬರುತ್ತದೆ. ವಾಲ್ಪ್ರೊಯೇಟ್‌ನಿಂದ ಮೈ ಬರುತ್ತದೆ, ತಲೆಕೂದಲು ಉದುರುತ್ತದೆ. ಫಿನೋಬಾರ್ಬಿಟೋನ್‌ನಿಂದ ತೂಕಡಿಕೆ. ಹರೆಯದ ಹುಡುಗಿಗೆ ಇದು ಸಣ್ಣ ವಿಷಯವೇ? ಕನ್ನಡಿ ನೋಡಿ ಅತ್ತು, ಅಮ್ಮನಿಗೂ ಹೇಳದೆ ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯುತ್ತಾಳೆ. ಬೈಯಬೇಡಿ. ಡಾಕ್ಟರಿಗೆ ಬಿಚ್ಚಿ ಹೇಳಿ, ಬೇರೆ ಮಾತ್ರೆಗಳಿವೆ. ಮಾತ್ರೆ ಶುರುಮಾಡಿದ ವಾರಗಳಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಮಾತ್ರ ಅದೇ ದಿನ ತೋರಿಸಬೇಕು.

ಮೂರು, ನಾವು ಮೊದಲು ಹೇಳಿದ ಗುಟ್ಟು. ಅದಕ್ಕೇ ಈಗ ಬರೋಣ.

ಮದುವೆಯ ಮಾತು

ಹೆಣ್ಣು ನೋಡಲು ಬಂದವರ ಮುಂದೆ ಮಾತ್ರೆ ಡಬ್ಬಿ ಅಕ್ಕಿ ಡಬ್ಬದ ಹಿಂದೆ ಹೋಗುತ್ತದೆ. ಮದುವೆ ನಿಶ್ಚಯವಾದರೆ “ಒಂದು ತಿಂಗಳು ಬಿಟ್ಟುಬಿಡು ಮಗಳೇ, ಅಲ್ಲಿ ನೋಡಿದರೆ ಏನಂದಾರು” ಎನ್ನುವ ಹಿರಿಯರಿದ್ದಾರೆ. ಈಗ ನೀವೇ ಯೋಚಿಸಿ. ಮದುವೆ ಗಡಿಬಿಡಿಯಲ್ಲಿ ನಾಲ್ಕು ದಿನ ನಿದ್ದೆಯಿಲ್ಲ, ಹೊತ್ತಿಗೆ ಸರಿಯಾಗಿ ಊಟವಿಲ್ಲ, ಮನಸ್ಸಿನಲ್ಲಿ ದಿಗಿಲು. ನಿದ್ದೆಗೆಡುವುದು, ಮಾತ್ರೆ ತಪ್ಪುವುದು ಇವೆರಡೂ ಫಿಟ್ಸನ್ನು ಕರೆದು ತರುವಂಥವು. ಹಾಗಾಗಿ ಹೊಸ ಮನೆಯಲ್ಲಿ ಮೊದಲ ವಾರವೇ ಫಿಟ್ಸ್ ಬಂದುಬಿಡುತ್ತದೆ. ಯಾವುದು ಗೊತ್ತಾಗಬಾರದೆಂದು ಮುಚ್ಚಿಟ್ಟರೋ ಅದು ಅತ್ಯಂತ ಕೆಟ್ಟ ರೀತಿಯಲ್ಲಿ ಗೊತ್ತಾಗುತ್ತದೆ. ಆಮೇಲೆ ಕಾಯಿಲೆಯ ಮಾತು ಹಿಂದಾಗಿ “ಮೋಸ ಮಾಡಿದ್ರಿ” ಎಂಬ ಮಾತೇ ಮುಂದಾಗುತ್ತದೆ.

ಕಾನೂನಿನ ಒಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ ಮದುವೆಯ ಷರತ್ತುಗಳಲ್ಲಿ ಹುಚ್ಚಿನ ಜೊತೆಗೇ ಮೂರ್ಛೆ ರೋಗದ ಹೆಸರೂ ಸೇರಿಕೊಂಡಿತ್ತು. 1954ರ ವಿಶೇಷ ವಿವಾಹ ಕಾಯಿದೆಯಲ್ಲೂ ಹಾಗೇ ಇತ್ತು. 1999ರಲ್ಲಿ ಸಂಸತ್ತು ತಿದ್ದುಪಡಿ ತಂದು ಎರಡರಿಂದಲೂ ಆ ಪದವನ್ನು ತೆಗೆದುಹಾಕಿತು. ಮೂರ್ಛೆ ರೋಗ ಹುಚ್ಚಲ್ಲ, ಮದುವೆಗೆ ಅಡ್ಡಿಯೂ ಅಲ್ಲ ಎಂದು ದೇಶದ ಕಾನೂನೇ ಒಪ್ಪಿದೆ. ನಾವು ಒಪ್ಪುವುದು ಯಾವಾಗ?

ಹೆತ್ತವರೇ, ಹುಡುಗನ ಕಡೆಯವರಿಗೆ ಮೊದಲೇ ಹೇಳಿ. ಲಗ್ನಪತ್ರಿಕೆ ಅಚ್ಚಾದ ಮೇಲೆ ಹೇಳಿ ಫಲವಿಲ್ಲ, ಮಾತುಕತೆಯ ಹಂತದಲ್ಲೇ ಹೇಳಿ. “ಹುಡುಗಿಗೆ ಫಿಟ್ಸ್ ಇದೆ, ಇಷ್ಟು ವರ್ಷದಿಂದ ಬಂದಿಲ್ಲ, ಈ ಮಾತ್ರೆ ನುಂಗ್ತಾಳೆ, ಬೇಕಾದ್ರೆ ಡಾಕ್ಟರ ಹತ್ರ ನೀವೇ ಬಂದು ಮಾತಾಡಿ.” ಇಷ್ಟೇ ಮಾತು. ಕೆಲವರು ಎದ್ದು ಹೋಗುತ್ತಾರೆ, ನಿಜ. ಎದ್ದು ಹೋಗುವವರು ಇವತ್ತೇ ಹೋಗಲಿ. ಮಗು ಹುಟ್ಟಿದ ಮೇಲೆ ತವರಿಗೆ ಕಳಿಸುವುದಕ್ಕಿಂತ ಅದು ಮೇಲಲ್ಲವೇ?

ಅತ್ತೆಯಂದಿರಿಗೂ ಒಂದು ಮಾತು. ಸೊಸೆಯ ಫಿಟ್ಸ್ ಈಗ ಗೊತ್ತಾಯಿತೇ? ಆಕೆಗಿಂತ ಹೆಚ್ಚು ಹೆದರಿದವರು ಆ ಮನೆಯಲ್ಲಿ ಯಾರೂ ಇರುವುದಿಲ್ಲ. “ಮಾತ್ರೆ ಆಯ್ತೇನಮ್ಮಾ?” ಎಂದು ರಾತ್ರಿ ಊಟದ ಹೊತ್ತಿಗೆ ನೀವೇ ಒಮ್ಮೆ ಕೇಳಿ ನೋಡಿ. ಏಕಾದಶಿ, ಶಿವರಾತ್ರಿಗಳಲ್ಲಿ ಉಪವಾಸ, ಜಾಗರಣೆಯಿಂದ ಆಕೆಯನ್ನು ಬಿಟ್ಟುಬಿಡಿ, ದೇವರು ಮುನಿಯುವುದಿಲ್ಲ.

ಬಸುರಿ, ಬಾಣಂತಿ

“ಫಿಟ್ಸ್ ಇರೋಳಿಗೆ ಮಕ್ಕಳಾಗುತ್ತಾ?” ಆಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಿಂದ ಮೂರ್ಛೆ ರೋಗವಿರುವ ಬಸುರಿಯರ ದಾಖಲೆಯನ್ನೇ ಇಡುತ್ತಾ ಬಂದಿದ್ದಾರೆ. ಬಹುಪಾಲು ತಾಯಂದಿರು ಆರೋಗ್ಯವಾದ ಮಕ್ಕಳನ್ನೇ ಹೆರುತ್ತಾರೆ.

ಆದರೆ ಬಸುರಾಗುವ ಮೊದಲೇ ಡಾಕ್ಟರನ್ನು ಕಾಣಬೇಕು. ವಾಲ್ಪ್ರೊಯೇಟ್ ಮಾತ್ರೆಯಿಂದ ಹೊಟ್ಟೆಯ ಮಗುವಿನ ಬೆನ್ನುಹುರಿಗೆ ದೋಷ ಬರುವ, ಮುಂದೆ ಮಗುವಿನ ಬುದ್ಧಿ ಬೆಳವಣಿಗೆ ಕುಂದುವ ಅಪಾಯ ಬೇರೆ ಮಾತ್ರೆಗಳಿಗಿಂತ ಹೆಚ್ಚು. ಮುಂಚೆಯೇ ಹೇಳಿದರೆ ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಾಮ್‌ನಂಥ ಅಪಾಯ ಕಡಿಮೆಯಿರುವ ಮಾತ್ರೆಗೆ ಬದಲಿಸಲು ಸಮಯವಿರುತ್ತದೆ, ಫೋಲಿಕ್ ಆಸಿಡ್ ಮಾತ್ರೆಯನ್ನೂ ಶುರುಮಾಡುತ್ತಾರೆ. ಮುಟ್ಟು ನಿಂತ ಮೇಲೆ ಗೊತ್ತಾಯಿತೆಂದು ಹೆದರಿ ಮಾತ್ರೆ ಒಮ್ಮೆಗೇ ನಿಲ್ಲಿಸಬೇಡಿ. ದೊಡ್ಡ ಫಿಟ್ಸ್ ಬಂದರೆ ತಾಯಿಗೂ ಕಂದನಿಗೂ ಕೇಡು. ಅದೇ ವಾರ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ಗಮನಿಸಿ. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ನುಂಗುವವರಲ್ಲಿ ಗರ್ಭನಿರೋಧಕ ಗುಳಿಗೆಯ ಬಲ ಕುಂದುತ್ತದೆ. ಬೇರೆ ಉಪಾಯ ಕೇಳಿಕೊಳ್ಳಿ.

ಎದೆಹಾಲು ಸಾಮಾನ್ಯವಾಗಿ ಧಾರಾಳವಾಗಿ ಕೊಡಬಹುದು. ನೆಲದ ಮೇಲೆ ಚಾಪೆ ಹಾಸಿ, ಗೋಡೆಗೆ ಒರಗಿ ಕೂತು ಕುಡಿಸಿ. ಮಗುವಿಗೆ ನೀರು ಹಾಕುವಾಗ ಜೊತೆಗೆ ಒಬ್ಬರಿರಲಿ. ಬಾಣಂತಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲದಿದ್ದರೆ ಫಿಟ್ಸ್ ಮರಳಬಹುದು. ಹಾಗಾಗಿ ರಾತ್ರಿಯ ಒಂದು ಪಾಳಿಯನ್ನು ಗಂಡನೋ ಅಮ್ಮನೋ ವಹಿಸಿಕೊಳ್ಳಲಿ.

ಅಡಿಗೆಮನೆ, ಬಚ್ಚಲುಮನೆ

ಫಿಟ್ಸ್ ಇನ್ನೂ ಹತೋಟಿಗೆ ಬಾರದ ಹೆಂಗಸಿಗೆ ಹೆಚ್ಚು ಅಪಾಯ ಬೀದಿಯಲ್ಲಿಲ್ಲ, ಒಲೆಯ ಮುಂದಿದೆ. ನೆಲದ ಮೇಲಿನ ಸೌದೆ ಒಲೆ, ಸೀಮೆಎಣ್ಣೆ ಸ್ಟೌ ಮುಂದೆ ಒಬ್ಬಳೇ ಕೂರುವುದು ಬೇಡ. ಕಟ್ಟೆಯ ಮೇಲಿನ ಗ್ಯಾಸ್ ಒಲೆಯಾದರೆ ಹಿಂದಿನ ಬರ್ನರ್ ಬಳಸಿ, ಪಾತ್ರೆಯ ಹಿಡಿ ಒಳಮುಖವಾಗಿರಲಿ. ಕುದಿಯುವ ಸಾರಿನ ಪಾತ್ರೆ ಎತ್ತಿ ನಡೆಯುವ ಬದಲು ತಟ್ಟೆಯನ್ನೇ ಒಲೆಯ ಹತ್ತಿರ ತನ್ನಿ. ಹಪ್ಪಳ, ಸಂಡಿಗೆ ಕರಿಯುವ ದಿನ ಮನೆಯಲ್ಲಿ ಇನ್ನೊಬ್ಬರಿರಲಿ. ಬಾವಿಯಿಂದ ನೀರು ಸೇದುವುದು, ಕೆರೆಯಲ್ಲಿ ಬಟ್ಟೆ ಒಗೆಯುವುದು ಒಬ್ಬರೇ ಬೇಡ. ಸ್ಕೂಟರು ಓಡಿಸುವುದಂತೂ ಡಾಕ್ಟರನ್ನೂ ಕಾನೂನನ್ನೂ ಕೇಳದೆ ಬೇಡವೇ ಬೇಡ.

ಪಥ್ಯದ ಬಗ್ಗೆ ಕೇಳುವವರಿದ್ದೀರಿ. ಬದನೆಕಾಯಿ, ಕುಂಬಳಕಾಯಿ ಬಿಡಬೇಕೆಂದೇನಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿದರೆ ಸಾಕು. ಮಾತ್ರೆಗೆ ಬಗ್ಗದ ಕೆಲವು ಮಕ್ಕಳಿಗೆ ಕೀಟೋ ಪಥ್ಯ ಎಂದು ಕೊಡುತ್ತಾರೆ. 1921ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಬೆಣ್ಣೆ, ತುಪ್ಪ, ಎಣ್ಣೆ ಹೆಚ್ಚು, ಅನ್ನ, ರಾಗಿ, ಸಕ್ಕರೆ ತೀರಾ ಕಡಿಮೆ. ಪ್ರತಿ ತುತ್ತನ್ನೂ ತೂಕ ಹಾಕಿ ಕೊಡುವ ಚಿಕಿತ್ಸೆಯಿದು. ಆಸ್ಪತ್ರೆಯ ಪಥ್ಯತಜ್ಞರ ಕಣ್ಣೆದುರೇ ನಡೆಯಬೇಕು, ಮನೆಯಲ್ಲಿ ತಾವೇ ಮಾಡಿ ನೋಡುವ ಅಡಿಗೆಯಲ್ಲ. ಮಾತ್ರೆಗೆ ಬಗ್ಗದ ಇನ್ನು ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಏರ್ಪಾಡಿದೆ.

ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ: ಎದುರಿಗೇ ಫಿಟ್ಸ್ ಬಂದರೆ

1. ಗಾಬರಿಯಾಗಬೇಡಿ. ಮೊದಲು ಗಡಿಯಾರ ನೋಡಿಕೊಳ್ಳಿ.

2. ಬೆಂಕಿ, ನೀರು, ಚೂಪಾದ ವಸ್ತು ದೂರ ಮಾಡಿ. ತಲೆಯ ಕೆಳಗೆ ಮಡಿಸಿದ ಸೀರೆಯೋ ಟವೆಲ್ಲೋ ಇಡಿ. ಕನ್ನಡಕ ತೆಗೆಯಿರಿ, ಕತ್ತಿನ ಹತ್ತಿರ ಬಟ್ಟೆ ಸಡಿಲಿಸಿ.

3. ಬಾಯಿಗೆ ಏನನ್ನೂ ತುರುಕಬೇಡಿ. ಚಮಚ, ಬೆರಳು, ನೀರು, ಮಾತ್ರೆ ಯಾವುದೂ ಬೇಡ. ಬೀಗದ ಕೈ, ಈರುಳ್ಳಿ, ಚಪ್ಪಲಿಗಳಿಂದ ಏನೂ ಉಪಯೋಗವಿಲ್ಲ.

4. ಕೈಕಾಲು ಅದುಮಿ ಹಿಡಿಯಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ಎಂಜಲು ಹೊರಗೆ ಹರಿದುಹೋಗಲಿ.

5. ಪೂರ್ತಿ ಎಚ್ಚರವಾಗುವ ತನಕ ಪಕ್ಕದಲ್ಲೇ ಇರಿ. ಬಟ್ಟೆಯಲ್ಲಿ ಮೂತ್ರ ಹೋಗಿದ್ದರೆ ಜನರನ್ನು ಚದುರಿಸಿ, ಒಂದು ಶಾಲು ಹೊದಿಸಿ.

6. 5 ನಿಮಿಷ ಕಳೆದರೂ ನಿಲ್ಲದಿದ್ದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಬಸುರಿಯಾಗಿದ್ದರೆ, ನೀರಿನಲ್ಲಿ ಬಿದ್ದಿದ್ದರೆ, ಪೆಟ್ಟಾಗಿದ್ದರೆ, ಇದೇ ಮೊದಲ ಸಲವಾಗಿದ್ದರೆ 108ಕ್ಕೆ ಫೋನ್ ಮಾಡಿ. ಡಾಕ್ಟರು ಮೂಗಿಗೆ ಬಿಡುವ ಮಿಡಜೊಲಾಮ್ ಸ್ಪ್ರೇ ಬರೆದುಕೊಟ್ಟಿದ್ದರೆ ಅವರು ಹೇಳಿದಂತೆ ಬಳಸಿ.

7. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬಂದರೆ ಮುಂದೆ ಮೂರ್ಛೆ ರೋಗ ಬರಲೇಬೇಕೆಂದಿಲ್ಲ. ಆದರೂ ಡಾಕ್ಟರಿಗೆ ತೋರಿಸಿ.

ಕ್ರಿಕೆಟ್ ನೋಡುವವರಿಗೆ ಜಾಂಟಿ ರೋಡ್ಸ್ ಗೊತ್ತು. 1992ರ ವಿಶ್ವಕಪ್ಪಿನಲ್ಲಿ ಹಾರಿಹೋಗಿ ಇಂಜಮಾಮನನ್ನು ರನೌಟ್ ಮಾಡಿದ ಆಟಗಾರನಿಗೂ ಮೂರ್ಛೆ ರೋಗವಿದೆ, ಅದನ್ನು ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ನಮ್ಮ ಹುಡುಗಿಯರು ಯಾಕೆ ಬಾಯಿ ಮುಚ್ಚಿಕೊಂಡಿರಬೇಕು?

ನಿಮ್ಮ ಮನೆಯಲ್ಲೂ ಒಂದು ಮಾತ್ರೆ ಡಬ್ಬಿ ಎಲ್ಲೋ ಅಡಗಿ ಕೂತಿದ್ದರೆ, ಇವತ್ತು ರಾತ್ರಿ ಅದನ್ನು ತೆಗೆದು ಉಪ್ಪಿನಕಾಯಿ ಜಾಡಿಯ ಪಕ್ಕ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಡಿ. ಮಾತ್ರೆ ತಪ್ಪದಿರುವುದಕ್ಕೆ ಅದೇ ಒಳ್ಳೆಯ ಜಾಗ.